ಮಾಳಿಗೆಯ ಮೇಲಿನ ಬುದ್ಧಗಯೆ

ನವೆಂಬರ್ ೧೨, ಬುಧವಾರ. ರಾಯಚೂರು

ಅಕ್ಕನಿಗೆ ಈ ತಿಂಗಳ ಮೂರರಂದು ಬರೆದ ಪತ್ರದಲ್ಲಿ ತಪ್ಪೊಂದು ನುಸುಳಿತ್ತು. ಕ್ಷಮೆ ಬೇಡಿ ಇಂದು ಇನ್ನೊಂದು ಪತ್ರ ಹಾಕಿದೆ. ಅದರ ನಕಲು ಇಲ್ಲಿರಲಿ.

"ಅಕ್ಕನಿಗೆ ವೆಂಕೋಬನ ವಂದನೆಗಳು. ನನ್ನ ಪ್ರಯಾಣದ ದಿನವನ್ನು 'ನವೆಂಬರ್ ಹದಿನೇಳು, ಮಂಗಳವಾರ' ಎಂದು ಬರೆದದ್ದು ಅಕ್ಷಮ್ಯ ಪ್ರಮಾದ. ಹದಿನೇಳು ಸೋಮವಾರ. ನನ್ನ ಅಜಾಗರೂಕತೆಯಿಂದ ಮಸರಕಲ್ಲಿನವರು ಯಾರಾದರೂ ಮಂಗಳವಾರ ನಿಲ್ದಾಣಕ್ಕೆ ಬಂದು ಬರಿದೆ ಹಿಂದಿರುಗುವಂತಾದರೆ ಆ ದೋಷ ಪೂರ್ತಿಯಾಗಿ ನನ್ನದು. ತಿದ್ದಿ ಓದಿಕೊಳ್ಳತಕ್ಕದ್ದು."

ಅಕ್ಕ ಮೂಕಮ್ಮನಿಗೆ ಓದು ಬಾರದು. ಅವಳ ಸೊಸೆ ಸವಿತಾ ಓದಿ ಹೇಳುತ್ತಾಳೆ. ತಪ್ಪನ್ನು ಹಿಡಿದವಳೂ ಅವಳೇ. "ಮಾವಾರ, ಕ್ಯಾಲೆಂಡರ್‌ದಾಗ ಸೋಮವಾರ ಅದರಿ. ಇರ್ಲಿ ಬಿಡ್ರಿ, ತಿಳೀತು" ಎಂದು ದೂರವಾಣಿಯಲ್ಲಿ ನಕ್ಕಳು. ಇರಲಿ ಬಿಡಲು ಸಾಧ್ಯವಿಲ್ಲ. ಬರೆಹದಲ್ಲಿ ಆದ ತಪ್ಪು ಬರೆಹದಲ್ಲೇ ತಿದ್ದಬೇಕು. ಮೂವತ್ತನಾಲ್ಕು ವರ್ಷ ಕನ್ನಡ ಪಾಠ ಹೇಳಿದವನು ನಾನು.

ದೇವದುರ್ಗ ತಾಲ್ಲೂಕಿನ ಮಸರಕಲ್ಲಿನ ನಮ್ಮ ಕೇರಿಯಲ್ಲಿ ಪುಟ್ಟದೊಂದು ಬುದ್ಧವಿಹಾರ ಏಳಲಿದೆ. ಡಿಸೆಂಬರ್ ನಾಲ್ಕು, ಹೊಸ್ತಿಲ ಹುಣ್ಣಿಮೆಯಂದು ಅಡಿಗಲ್ಲು. ಆ ಕಲ್ಲಿನ ಕೆಳಗೆ ಬುದ್ಧಗಯೆಯ ಒಂದು ಹಿಡಿ ಮಣ್ಣು ಬೀಳಬೇಕೆಂಬುದು ಅಕ್ಕನ ಹಟ. ನೀನೇ ಹೋಗಿ ಬಾ ಎಂದದ್ದಕ್ಕೆ ಅವಳು ಹೇಳಿದ್ದನ್ನು ಹೇಳಿದಂತೆಯೇ ಬರೆಯುತ್ತೇನೆ. ತಿದ್ದಲು ಕೈ ತುರಿಸುತ್ತದೆ, ಆದರೆ ಸಾಕ್ಷಿಯನ್ನು ತಿದ್ದಬಾರದು.

"ನಾ ಹೋಗಿ ಏನ್ ಮಾಡ್ಲಿ ತಮ್ಮಾ? ಅಕ್ಷರ ಇಲ್ಲದಾಕಿ, ಕಲ್ಲು ನೋಡಿ ಬರ್ತೀನಿ. ನೀ ಓದಿದಾಂವ. ನೀ ನೋಡಿದ್ರ ನಾ ನೋಡ್ದಂಗ."

ದೇವದುರ್ಗದ ವಿದ್ಯಾರ್ಥಿನಿಲಯದಲ್ಲಿ ನಾನು ಕೂತು ಓದಲೆಂದು ಹೊಲದಲ್ಲಿ ಬಾಗಿ ದುಡಿದವಳು ಅಕ್ಕ. ಅವಳ ಕಣ್ಣಾಗಿ ಹೋಗುತ್ತಿದ್ದೇನೆ. ಇದಕ್ಕಿಂತ ದೊಡ್ಡ ನೇಮಕಾತಿ ನನಗೆ ಸಿಕ್ಕಿರಲಿಲ್ಲ.

ನವೆಂಬರ್ ೧೭, ಸೋಮವಾರ. ರಾಯಚೂರು

ಮೇಲಿನ ಸ್ಥಳನಾಮದಲ್ಲಿ ತಪ್ಪಿಲ್ಲ. ನಾನು ರಾಯಚೂರಿನಲ್ಲಿಯೇ ಇದ್ದೇನೆ.

ಮಧ್ಯಾಹ್ನ ಎರಡು ಟಂಟಂ ತುಂಬ ಕೇರಿಯ ಜನ ನಿಲ್ದಾಣಕ್ಕೆ ಬಂದಿದ್ದರು. ಚೆಂಡುಹೂವಿನ ಮಾಲೆಗಳು, ನೀಲಿ ಬಾವುಟಗಳು, ಅರವತ್ತು ಕಟಕ ರೊಟ್ಟಿ, ಒಂದು ಡಬ್ಬಿ ಶೇಂಗಾ ಹಿಂಡಿ. ಅಕ್ಕ ನನ್ನ ಎರಡೂ ಕೆನ್ನೆ ಸವರಿ ನೆಟಿಗೆ ಮುರಿದಳು. ಗಾಡಿ ಹೊರಟಿತು. ಕೃಷ್ಣೆಯನ್ನು ದಾಟಿತು. ಮೊಣಕಾಲು ಹಠಾತ್ತನೆ ವಿಪರೀತ ನೋಯತೊಡಗಿದ್ದರಿಂದ ಯಾದಗಿರಿಯಲ್ಲಿ ಇಳಿದು, ಬಸ್ಸು ಹಿಡಿದು, ತಲೆಯ ಮೇಲೆ ವಸ್ತ್ರ ಹೊದ್ದು, ಮಾವಿನಕೆರೆಯ ಹಿಂಬದಿಯ ಓಣಿಯಿಂದ ಮನೆ ಸೇರಿದೆ.

ಹೆಂಡತಿ ಹಣಮಮ್ಮ ಬಾಗಿಲು ತೆಗೆದು ನನ್ನನ್ನೂ ಕೊರಳ ಮಾಲೆಯನ್ನೂ ನೋಡಿದಳು.

"ಬುದ್ಧಗಯಾ ಇಷ್ಟ್ ಹತ್ರ ಅದ ಅಂತ ಗೊತ್ತಿದ್ರ ನಾನೂ ಬರ್ತಿದ್ದೆ ನೋಡ್ರಿ. ಚಹಾ ಆರೋದ್ರಾಗ ಹೋಗಿ ಬಂದ್ರಲ್ಲ!"

"ಮೊಣಕಾಲು ನೋಯುತ್ತಿದೆ. ಯಾರಿಗೂ ಹೇಳಬೇಡ."

ಮಾಲೆ ಹಾಕಿಸಿಕೊಂಡು ಹೊರಟವನು ಮುಟ್ಟದೆ ಹಿಂದಿರುಗಿದರೆ ಕಳಿಸಿದವರ ಮನೆಯ ಒಳ್ಳೆಯ ಕೆಲಸ ಅರ್ಧಕ್ಕೇ ನಿಲ್ಲುತ್ತದೆಂದು ನಮ್ಮ ಕೇರಿಯ ಹೆಂಗಸರ ನಂಬಿಕೆ. ನಾನು ನಂಬುವುದಿಲ್ಲ. ಅಡಿಗಲ್ಲು ನಂಬುತ್ತದೆಯೋ ಏನೋ.

ಎರಡು ದಿನಗಳಲ್ಲಿ ಕಾಲು ಗುಣವಾಗುತ್ತದೆ. ಗುಣವಾದೊಡನೆ ಹೊರಡುವೆ.

ನವೆಂಬರ್ ೧೯, ಬುಧವಾರ. ರಾಯಚೂರು

ಮೂರು ದಿನಗಳಿಂದ ಕಿಟಕಿ ತೆರೆದಿಲ್ಲ. ಇಂದು ಸವಿತಾಳಿಂದ ಸಂದೇಶ: "ಗಯಾ ಮುಟ್ಟಿದ್ರೇನ್ರಿ ಮಾವಾರ? ಅತ್ತಿ ಗಿಡ ನೋಡಬೇಕಂತ. ವಿಡಿಯೋ ಮಾಡಿ ಹಾಕ್ರಿ."

ಓದುತ್ತ ಅಡುಗೆಮನೆಯಲ್ಲಿ ನಿಂತಿರುವಾಗಲೇ ನಮ್ಮ ಮಾಳಿಗೆಯ ಕೋಣೆಯಲ್ಲಿ ಬಾಡಿಗೆಗಿರುವ ಉಮ್ಮೇ ಕುಲ್ಸುಮ್ ಸಕ್ಕರೆ ಕೇಳಲು ಬಂದರು. ನನ್ನನ್ನು ಕಂಡು ಬಟ್ಟಲು ಕೆಡವಿದರು.

"ಯಾ ಅಲ್ಲಾ! ಮಾಸ್ತರ್ರ, ನೀವು ಗಯಾದಾಗ ಇದ್ದೀರಲ್ಲ್ರಿ?"

"ಇರಬೇಕಾಗಿತ್ತು" ಎಂದೆ.

ಕುಲ್ಸುಮ್ ಬೀ ಮದುವೆಗಳ ವಿಡಿಯೋಗಳನ್ನು ತಮ್ಮ ಗಣಕದಲ್ಲಿ ಕತ್ತರಿಸಿ ಜೋಡಿಸುತ್ತಾರೆ. ಆ ಉದ್ಯೋಗಕ್ಕೆ ಇಲ್ಲಿ ಮಿಕ್ಸಿಂಗು ಎನ್ನುತ್ತಾರೆ. ನನ್ನ ಕಥೆಯನ್ನು ಕೇಳಿ ಅವರು ಕಿಂಚಿತ್ತೂ ವಿಚಲಿತರಾಗಲಿಲ್ಲ.

"ಇಷ್ಟೇ ಏನ್ರಿ? ಗುಂಜಹಳ್ಳಿ ಮದುವಿದಾಗ ಗಂಡು ಹೆಣ್ಣಿಗಿ ಬರ್ಫ್‌ನ್ಯಾಗ ನಿಂದರಿಸೀನಿ ನಾ. ಮಂಡಿ ತನಕ ಬರ್ಫು! ಆ ಗಂಡು ಇನ್ನೂ ಶಕ್ತಿನಗರ ದಾಟಿಲ್ಲ್ರಿ."

ಮೇಲೆ ಕರೆದೊಯ್ದು ಒಂದು ಅಗಲವಾದ ಹಸುರು ಬಟ್ಟೆಯನ್ನು ತೋರಿಸಿದರು. ಅದರ ಮುಂದೆ ಮನುಷ್ಯನನ್ನು ನಿಲ್ಲಿಸಿ ಚಿತ್ರ ತೆಗೆದು, ಬಳಿಕ 'ಈ ಹಸುರೊಂದನ್ನು ಮಾತ್ರ ಅಳಿಸು' ಎಂದು ಗಣಕಕ್ಕೆ ಅಪ್ಪಣೆ ಕೊಟ್ಟರೆ, ಅಳಿದ ಜಾಗದಲ್ಲಿ ಬೇಕಾದ ಊರನ್ನು ಹಾಸಬಹುದು. ಇದಕ್ಕೆ ಅವರ ಕಸುಬಿನಲ್ಲಿ 'ಗ್ರೀನ್ ಮ್ಯಾಟು' ಎಂಬ ಹೆಸರು. ನಾನು ಈ ದಿನಚರಿಯಲ್ಲಿ 'ಹಸುರುತೆರೆ' ಎಂದೇ ಬರೆಯುವೆ.

"ಇದು ಸುಳ್ಳಲ್ಲವೇ?" ಎಂದು ಕೇಳಿದೆ.

"ಸುಳ್ಳಲ್ಲ್ರಿ ಮಾಸ್ತರ್ರ. ಮಿಕ್ಸಿಂಗು."

ಒಂದೇ ಒಂದು ವಿಡಿಯೋ. ಮೊಣಕಾಲು ಗುಣವಾಗುವವರೆಗೆ ಅಕ್ಕನ ಮನಸ್ಸಿಗೆ ಸಮಾಧಾನ. ಅಷ್ಟೇ.

ನವೆಂಬರ್ ೨೦, ಗುರುವಾರ. ರಾಯಚೂರು

ಬೆಳಿಗ್ಗೆ ಎಂಟಕ್ಕೆ ಚಿತ್ರೀಕರಣ. ಹಸುರುತೆರೆಗೆ ಇಸ್ತ್ರಿ ಮಾಡಿ ನೀರಿನ ಟಾಕಿಯಿಂದ ಬಟ್ಟೆ ಒಣಗಿಸುವ ಕಂಬಕ್ಕೆ ಬಿಗಿದು ಕಟ್ಟಿದೆವು. ಸುಕ್ಕಿದ್ದಲ್ಲಿ ನೆರಳು ನಿಲ್ಲುತ್ತದೆ, ನೆರಳು ನಿಂತಲ್ಲಿ ಹಸುರು ಕಪ್ಪಾಗುತ್ತದೆ, ಕಪ್ಪಾದದ್ದನ್ನು ಯಂತ್ರ ಅಳಿಸದು. ನಾನು ತೆರೆಯಿಂದ ಆರು ಅಡಿ ದೂರ ನಿಲ್ಲಬೇಕು. ಹತ್ತಿರ ನಿಂತರೆ ಹಸುರು ನನ್ನ ಬಿಳಿಯ ಧೋತರಕ್ಕೆ ಬಡಿದು ಧೋತರವೂ ಅಳಿಯುವ ಸಂಭವವುಂಟಂತೆ.

"ಅಳಿದರೆ ಏನಾಗುತ್ತದೆ?"

"ಏನಿಲ್ರಿ, ಹಿಂದಿನ ಗಿಡ ಕಾಣ್ತದ."

ಇನ್ನೆರಡು ಅಡಿ ದೂರ ಸರಿದು ನಿಂತೆ. ನನ್ನ ಬೋಳುತಲೆಯಲ್ಲಿ ಹಸುರು ಮಿನುಗುತ್ತದೆಂದು ಪೌಡರ್ ಬಳಿದರು.

ಮಾಡುವುದಾದರೆ ಸರಿಯಾಗಿಯೇ ಮಾಡಬೇಕು. ಈ ತಿಂಗಳಲ್ಲಿ ಗಯೆಯಲ್ಲಿ ಚಳಿಯಿರುತ್ತದೆ. ಆದ್ದರಿಂದ ಉಣ್ಣೆಯ ಸ್ವೆಟರು, ಕಿವಿ ಮುಚ್ಚುವ ಟೊಪ್ಪಿಗೆ ಧರಿಸಿದೆ. ರಾಯಚೂರಿನ ಬಿಸಿಲು ಟೊಪ್ಪಿಗೆಯೊಳಗೆ ಕುದಿಯಿತು. ಮಹಾಬೋಧಿಯ ಚಿತ್ರದಲ್ಲಿ ನೆರಳು ಎಡಕ್ಕೆ ಬಿದ್ದಿತ್ತು, ನನ್ನದು ಬಲಕ್ಕೆ. ಒಬ್ಬನೇ ಸೂರ್ಯ ಎರಡು ಕಡೆ ಬೆಳಗಲಾರನೆಂದು ತೆರೆಯನ್ನು ಬಿಚ್ಚಿಸಿ ಎದುರು ಗೋಡೆಗೆ ಕಟ್ಟಿಸಿದೆ.

"ಸುಳ್ಳಿನ್ಯಾಗ ಇಷ್ಟ್ ಶುದ್ಧ ಯಾರೂ ಇರಂಗಿಲ್ಲ್ರಿ" ಎಂದು ಕುಲ್ಸುಮ್ ಬೀ ಗೊಣಗಿದರು.

ಕೊನೆಗೆ ಹೇಳಿದೆ: "ಅಕ್ಕಾ, ಇದೇ ಆ ಬೋಧಿವೃಕ್ಷ. ಇದರ ನೆರಳಿನಲ್ಲಿ ನಿಂತು ನಿನ್ನನ್ನು ಸ್ಮರಿಸುತ್ತಿದ್ದೇನೆ." ಎದುರಿಗೆ ನೆರೆಮನೆಯ ಡಿಶ್ ಆಂಟೆನಾ ಇತ್ತು. ಅದಕ್ಕೇ ಕೈ ಮುಗಿದೆ. ಅದೇ ಕ್ಷಣದಲ್ಲಿ ಹಣಮಮ್ಮ ಬದಿಯಿಂದ ಕೈ ಚಾಚಿ ಚಹಾ ಕೊಟ್ಟಳು. ಸೆಕೆಯಲ್ಲಿ ಯೋಚಿಸದೆ ಈಸಿಕೊಂಡು ಕುಡಿದೆ. ಮಧ್ಯಾಹ್ನಕ್ಕೆ ವಿಡಿಯೋ ಮಸರಕಲ್ಲನ್ನು ಮುಟ್ಟಿತು.

ನವೆಂಬರ್ ೨೧, ಶುಕ್ರವಾರ. ರಾಯಚೂರು

ಸವಿತಾಳ ಕರೆ.

"ಮಾವಾರ, ಇಡೀ ಕೇರಿ ನೋಡ್ತು. ಅತ್ತಿ ನಾಕ್ ಸಲ ನೋಡಿದ್ರು, ಅತ್ರು. ನಿಮಗ ಜ್ವರ ಬಂದಾವೇನ್ರಿ? ಭಾಳ ಬೆವತೀರಿ. ಮತ್ತ ಚಹಾ ಕೊಟ್ಟ ಕೈ ಯಾರ್ದು ಅಂತ ಅತ್ತಿ ಕೇಳಾಕತ್ತಾರ."

ಗಣಕದಲ್ಲಿ ನಿಧಾನವಾಗಿ ಓಡಿಸಿ ನೋಡಿದೆವು. ಹಣಮಮ್ಮನ ಕೈಗೆ ಒಂದು ಡಜನ್ ಹಸುರು ಗಾಜಿನ ಬಳೆ. ಯಂತ್ರ ಅಪ್ಪಣೆಯನ್ನು ಅಕ್ಷರಶಃ ಪಾಲಿಸಿ ಅವನ್ನೂ ಅಳಿಸಿಬಿಟ್ಟಿತ್ತು. ಮುಂಗೈ ಬೇರೆ, ಅಂಗೈ ಬೇರೆ. ನಡುವೆ ಮಹಾಬೋಧಿ ಗೋಪುರದ ಒಂದು ತುಣುಕು. ಅಂಗೈಯೊಂದು ಗಾಳಿಯಲ್ಲಿ ಬಂದು ಸ್ಟೀಲಿನ ಲೋಟ ಕೊಟ್ಟು ಹೋಗಿತ್ತು. ಸವಿತಾಳ ಫೋನಿನ ಗಾಜು ಒಡೆದಿದೆ. ಅಲ್ಲಿ ಮುರಿದ ಕೈ ಕಾಣಲಿಲ್ಲ, ಬಳೆ ಇಲ್ಲದ್ದು ಮಾತ್ರ ಕಂಡಿತು.

ಅಕ್ಕ ಫೋನು ಕಸಿದುಕೊಂಡು ಮಾತಾಡಿದಳು. "ಬಳಿ ಇಲ್ಲ ಅಂದ್ರ ನನ್ನಂಗ ಗಂಡ ಸತ್ತಾಕಿ, ಪಾಪ. ಅಂಥಾದ್ರಾಗೂ ಊರು ಕೇರಿ ಇಲ್ಲದಾಂವಗ ಕರದು ಚಹಾ ಕೊಡ್ತಾಳಂದ್ರ! ಹೆಸರು ಏನಂತ ಆಕಿದು?"

"ಕರುಣಾವತಿ" ಎಂದು ಬಾಯಿಗೆ ಬಂದದ್ದನ್ನು ಹೇಳಿದೆ.

"ಹೆಸರೂ ಹಂಗ ಅದ ನೋಡು. ಆಕಿಗೆ ನಾಕು ರೊಟ್ಟಿ ಕೊಡಪಾ. ನಾ ಕೊಟ್ಟೀನಿ ಅಂತ ಹೇಳು."

ಹಣಮಮ್ಮ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದಳು.

"ನನ್ನ ಗಂಡ ಎದುರಿಗೆ ಸ್ವೆಟರ್ ಹಾಕ್ಕೊಂಡು ಕುಂತ ಗಳಿಗಿದಾಗ ನನ್ನ ಬಳಿ ಒಡದ್ರಲ್ಲ್ರಿ ಮಾಸ್ತರ್ರ! ಮಸರಕಲ್ಲಾಗ ನಾ ಯಾರ ಹೆಂಡ್ತಿ ಈಗ?"

ಸಂಜೆ ಊಟಕ್ಕೆ ನನಗೆ ನಾಲ್ಕು ರೊಟ್ಟಿ ಕಡಿಮೆ ಬಡಿಸಿದಳು. ಕರುಣಾವತಿಯ ಪಾಲಂತೆ.

ನವೆಂಬರ್ ೨೩, ಭಾನುವಾರ. ರಾಯಚೂರು

ಮಾನ್ವಿಯ ಜಂಬಣ್ಣ ಕರೆ ಮಾಡಿದ. ನನ್ನ ಹಳೆಯ ವಿದ್ಯಾರ್ಥಿ, ಈಗ ಅಕ್ಕಿ ಗಿರಣಿಯ ಮಾಲಿಕ, ಮಹಾ ಶಿವಭಕ್ತ.

"ಸರ್ರ, ಸವಿತಾ ಸ್ಟೇಟಸ್ ಹಾಕಿದ್ಲು, ನಿಮ್ಮ ವಿಡಿಯೋ ನೋಡ್ದೆ. ಎಲ್ಲಿದ್ದೀರಿ ಈಗ?"

"ಬುದ್ಧಗಯೆಯಲ್ಲಿ" ಎಂದೆ, ಈರುಳ್ಳಿ ಹೆಚ್ಚುತ್ತ.

"ನಾನೂ ಇಲ್ಲೇ ಇದ್ದೀನಲ್ಲ್ರಿ! ಕಾಶಿ ಟೂರಿನ ಬಸ್ಸು, ಗಯಾದಾಗ ಎರಡ್ ದಿನ ಹಾಲ್ಟು. ಸರ್ರ, ಹನ್ನೆರಡ್ ದಿನ ಆತು ರೊಟ್ಟಿ ಮುಖ ನೋಡಿಲ್ಲ. ನಿಮ್ಮ ಹತ್ರ ಅರವತ್ತು ರೊಟ್ಟಿ, ಶೇಂಗಾ ಹಿಂಡಿ ಅದಾವಂತ ಕೇರಿಯವ್ರು ಹೇಳಿದ್ರು. ನಾಳಿ ಮುಂಜಾನಿ ಹತ್ತಕ್ಕ ಗಿಡದ ಕೆಳಗ ಬಂದುಬಿಡ್ತೀನಿ."

"ನಾನು ಈ ಕ್ಷಣವೇ ಸಾರನಾಥಕ್ಕೆ ಹೊರಡುತ್ತಿದ್ದೇನೆ, ಜಂಬಣ್ಣ."

"ಛಲೋ ಆತಲ್ಲ! ನಾವೂ ಬುಧವಾರ ಕಾಶಿ ಮುಟ್ತೀವಿ. ಸಾರನಾಥ ಅಲ್ಲೇ ಮಗ್ಗಲದಾಗ."

ಕುಲ್ಸುಮ್ ಬೀಯವರನ್ನು ಕೂಗಿದೆ. ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿದೆ. ಮೊಣಕಾಲು ಅಡ್ಡಿ ಮಾಡಲಿಲ್ಲ.

ನವೆಂಬರ್ ೨೪, ಸೋಮವಾರ. ಸಾರನಾಥ

ಸ್ತೂಪದ ಮುಂದೆ ನಿಂತು ಮೂರು ನಿಮಿಷ ಮಾತಾಡಿದೆ. ಹಣಮಮ್ಮನನ್ನು ಕೆಳಗೇ ಇರಿಸಿದ್ದೆವು. ಕೆಲಸ ನಿರ್ದುಷ್ಟವಾಯಿತೆಂದುಕೊಂಡೆ. ಆದರೆ ಕುಲ್ಸುಮ್ ಬೀಗೆ ಅಂತರ್ಜಾಲದಲ್ಲಿ ದೊರೆತ ಸಾರನಾಥ ಹನ್ನೆರಡು ಸೆಕೆಂಡುಗಳಷ್ಟೇ ಇತ್ತು. ಅದನ್ನೇ ಮತ್ತೆ ಮತ್ತೆ ಜೋಡಿಸಿದ್ದಾರೆ. ಅದರಲ್ಲೊಂದು ಬಡಕಲು ನಾಯಿ ಎಡದಿಂದ ಬಲಕ್ಕೆ ಹೋಗುತ್ತದೆ. ನನ್ನ ಭಾಷಣದುದ್ದಕ್ಕೂ ಹದಿನೈದು ಸಲ ಹೋಗಿದೆ. ಒಂದು ಸಲವೂ ಹಿಂದಿರುಗಿಲ್ಲ.

ಸಂಜೆ ಅಕ್ಕ: "ಆ ನಾಯಿ ಎಷ್ಟ್ ಸಲ ಬರ್ತದಪಾ! ಹಸದದ ಅದು. ನೀ ಮಾತಾಡ್ಕೋತ ನಿಂತೀದಿ, ಒಂದ್ ತುಣುಕು ರೊಟ್ಟಿ ಹಾಕಬಾರದೇನು? ಬುದ್ಧನ ಊರಾಗ ನಿಂತು?"

ನವೆಂಬರ್ ೨೫, ಮಂಗಳವಾರ. ಸಾರನಾಥ

ನಾಯಿಗೆ ರೊಟ್ಟಿ ಹಾಕಿದೆ. ಕುಲ್ಸುಮ್ ಬೀ ಎಣಿಸಿ ಕೈ ಎತ್ತಿದಾಗ ಎಸೆಯಬೇಕು. ಆರು ಸಲ ಅಭ್ಯಾಸ ಮಾಡಿದೆವು. ರೊಟ್ಟಿ ನಾಯಿಯ ಹೊಟ್ಟೆಯ ಮೂಲಕ ಹಾದು ಆಚೆ ಬಿತ್ತು. ನಾಯಿ ತಿರುಗಿ ನೋಡಲಿಲ್ಲ.

ಅಕ್ಕನಿಂದ: "ಅಲ್ಲೀ ನಾಯಿ ಜ್ವಾಳದ ರೊಟ್ಟಿ ತಿನ್ನಂಗಿಲ್ಲೇನು? ಪಾಪ, ಅನ್ನ ತಿನ್ನೋ ಊರು."

ನಮ್ಮ ಮಾಳಿಗೆಗೆ ಕಾಗೆಗಳು ಬಂದು ಆರೂ ರೊಟ್ಟಿ ತಿಂದವು.

ನವೆಂಬರ್ ೨೬, ಬುಧವಾರ. ಕುಶಿನಗರ

ಜಂಬಣ್ಣ ಕಾಶಿ ತಲುಪಿದ. ಬೆಳಿಗ್ಗೆ ಏಳಕ್ಕೇ ಕರೆ: "ಸರ್ರ, ಆಟೋ ಹತ್ತೀನಿ, ಸಾರನಾಥಕ್ಕ ಬರಾಕತ್ತೀನಿ, ರೊಟ್ಟಿ ತಗದಿಡ್ರಿ." ಏಳೂವರೆಗೆ ಕುಶಿನಗರಕ್ಕೆ ಓಡಿದೆ. ಗ್ರೀನ್ ಮ್ಯಾಟು ನಾನೇ ಕಟ್ಟಿದೆ. ಈಗ ಕಟ್ಟುವುದು ಕೈಗೆ ಹತ್ತಿದೆ, ಒಂದು ಸುಕ್ಕೂ ಇರಲಿಲ್ಲ.

ಹತ್ತು ಗಂಟೆಗೆ ಜಂಬಣ್ಣ ಸ್ತೂಪದ ಮುಂದಿನಿಂದ: "ನೀವಿಲ್ಲ. ನಾಯಿ ಹುಡುಕಿದೆ, ನಾಯೀನೂ ಇಲ್ಲ. ಸರ್ರ, ನೀವು ಬುದ್ಧಗಿಂತ ಜೋರ್ ಅಡ್ಡಾಡ್ತೀರಿ ಬಿಡ್ರಿ. ಗಯಾದಾಗ ಕರುಣಾವತೀನ್ನೂ ಕೇಳಿದ್ದೆ, ಯಾರಿಗೂ ಗೊತ್ತಿಲ್ಲ."

ಇಲ್ಲಿ ಹವೆ ಹಿತವಾಗಿದೆ.

ನವೆಂಬರ್ ೨೭, ಗುರುವಾರ. ಕುಶಿನಗರ

ಸವಿತಾ ಒಂದು ಧ್ವನಿಸಂದೇಶ ಕಳಿಸಿದ್ದಳು. "ಅತ್ತಿ ಕರುಣಾವತಿ ಸಂಗಟ ಮಾತಾಡ್ಯಾರ. ಮತ್ತ ಗಯಾಕ್ಕ ಹೋದಾಗ ಆಕಿಗೆ ಕೇಳಸ್ರಿ ಮಾವಾರ." ಒತ್ತಿದೆ.

ಅಕ್ಕನದೇ ಧ್ವನಿ. ಭಾಷೆ ಕನ್ನಡವಲ್ಲ. ಎಲ್ಲಿಯೂ ತಡವರಿಸದೆ ಮಾತಾಡುತ್ತಿದ್ದಾಳೆ. ನನಗೆ ತಿಳಿದದ್ದು 'ಬೆಹನ್' ಮತ್ತು 'ಪಾನಿ' ಎರಡೇ. ಕುಲ್ಸುಮ್ ಬೀ ಮತ್ತೊಮ್ಮೆ ಹಾಕಿಸಿ, ಒಂದೊಂದಾಗಿ ಬಿಡಿಸಿ ಹೇಳಿದರು.

"'ತಂಗೀ, ನಾನು ಮಸರಕಲ್ಲಿನ ಮೂಕಮ್ಮ. ನನ್ನ ತಮ್ಮಗ ಚಹಾ ಕೊಟ್ಟಿದಿ, ನಿನಗ ಚಲೋ ಆಗ್ಲಿ. ಅವಾ ನೀರು ಬೇಕಂದ್ರ ಬಾಯಿ ಬಿಟ್ಟು ಕೇಳಂಗಿಲ್ಲ, ನಾಚ್ತಾನ. ಸಣ್ಣಾಂವ ಇದ್ದಾಗಿಂದ ಹಂಗ. ನೀನ ಕೇಳಿ ಕೊಡು.' ಅಷ್ಟೇರಿ ಮಾಸ್ತರ್ರ. ಎಷ್ಟ್ ಸಾಫ್ ಮಾತಾಡ್ತಾರ್ರಿ ನಿಮ್ಮ ಅಕ್ಕ!"

"ಅಕ್ಕನಿಗೆ ಹಿಂದಿ ಎಲ್ಲಿಂದ ಬಂತು?" ಎಂದು ಹಣಮಮ್ಮನನ್ನು ಕೇಳಿದೆ.

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. "ಎಂಟ್ ವರ್ಷ ಪುಣೆದಾಗ ಗುಳೆ ಹೋಗಿ ಕಲ್ಲು ಹೊತ್ತಾರ. ನಾಕ್ ವರ್ಷ ಹೈದರಾಬಾದದಾಗ. ಹಿಂದಿ, ಮರಾಠಿ, ತೆಲುಗು ಮೂರೂ ಬರ್ತಾವ. ನಿಮಗ ಗೊತ್ತಿಲ್ಲೇನು?"

ಗೊತ್ತಿರಲಿಲ್ಲ. ಅಕ್ಕ ನನ್ನ ಮುಂದೆ ಎಂದೂ ಆಡಿಲ್ಲ. ಅವಳ ಕನ್ನಡವನ್ನೇ ಮಾತು ಮಾತಿಗೆ ತಿದ್ದುತ್ತಿದ್ದವನ ಮುಂದೆ ಉಳಿದ ಮೂರನ್ನು ಹೇಗೆ ತೆಗೆದಾಳು?

ಕಣ್ಣಿಗೆ ಪೌಡರ್ ಹೋಗಿತ್ತು. ಇಂದು ಚಿತ್ರೀಕರಣವಿಲ್ಲ.

ನವೆಂಬರ್ ೩೦, ಭಾನುವಾರ. ರಾಯಚೂರು

ನಾಳೆ ನಾನು ಹಿಂದಿರುಗುವ ದಿನ. ಹಿಂದಿರುಗಲು ಮೊದಲು ಹೋಗಬೇಕು. ಬೆಳಿಗ್ಗೆ ಬಸ್ಸಿನಲ್ಲಿ ಯಾದಗಿರಿ, ಅಲ್ಲಿಂದ ರೈಲು.

ಕುಲ್ಸುಮ್ ಬೀಯ ಮಲ್ಲಿಗೆ ಕುಂಡದಿಂದ ಒಂದು ಹಿಡಿ ಮಣ್ಣು ತೆಗೆದು ಉಪ್ಪಿನಕಾಯಿಯ ಶೀಶೆ ತೊಳೆದು ತುಂಬಿದೆ. ಅವರು ನೋಡಿದರು. ಈ ಸಲ ಮಿಕ್ಸಿಂಗು ಎನ್ನಲಿಲ್ಲ.

ಡಿಸೆಂಬರ್ ೧, ಸೋಮವಾರ. ರಾಯಚೂರು

ಯಾದಗಿರಿಯಲ್ಲಿ ಗಾಡಿ ಹತ್ತಿ ಕುಳಿತೆ. ಎದುರು ಆಸನದಲ್ಲಿ ಹೊದ್ದು ಮಲಗಿದ್ದವನು ಮುಸುಕು ತೆಗೆದ. ಜಂಬಣ್ಣ.

"ಸರ್ರ! ಯಾದಗಿರಿಯಾಗ ಹೆಂಗ ಹತ್ತಿದ್ರಿ?"

"ಚಹಾ ಕುಡಿಯಲು ಇಳಿದಿದ್ದೆ."

"ಯಾವ ಡಬ್ಬಿದಾಗ ಇದ್ರಿ? ಬಸ್ಸು ಸಾಕಾಗಿ ನಾ ಕಾಶಿಯಾಗ ಈ ಗಾಡಿ ಹತ್ತೀನಿ. ಎರಡ್ ದಿನ ಒಂದ ಗಾಡಿದಾಗ ಬಂದು ಕಾಣಲಿಲ್ಲಲ್ಲ! ಮೊದಲ ರೊಟ್ಟಿ ತಗೀರಿ."

ತೆಗೆದೆ. ಕೈಚೀಲ ಖಾಲಿ ಕಾಣಬಾರದೆಂದು ಹಣಮಮ್ಮ ನಿನ್ನೆ ಇಪ್ಪತ್ತು ಬಡಿದು ಕೊಟ್ಟಿದ್ದಳು. ಆತ ಕಣ್ಣು ಮುಚ್ಚಿಕೊಂಡು ಏಳು ತಿಂದ. "ಹದಿನೈದ್ ದಿನದ ರೊಟ್ಟಿ, ನಿನ್ನೆ ಬಡದಂಗ ಅದಾವ ಸರ್ರ! ಅಮ್ಮಾರ ಕೈಗುಣ ಅಂದ್ರ ಇದು." ಕೃಷ್ಣೆಯ ಸೇತುವೆ ಮುಗಿಯುವ ತನಕ ಅತ್ತ.

ನಿಲ್ದಾಣದಲ್ಲಿ ಮತ್ತೆ ಮಾಲೆಗಳು. ಅಕ್ಕ ನನ್ನ ಮುಖ ಹಿಡಿದು ಎಲ್ಲರಿಗಿಂತ ಮೊದಲು ಕೇಳಿದ್ದು: "ಸೊರಗೀದಿ ಅಲ್ಲಪಾ. ಆಕಿ ನೀರು ಕೊಟ್ಲಾ?"

"ಕೊಟ್ಟಳು" ಎಂದೆ.

ಶೀಶೆಯನ್ನು ಅವಳು ಸೆರಗಿನಲ್ಲಿ ಕಟ್ಟಿಕೊಂಡಳು.

ಡಿಸೆಂಬರ್ ೩, ಬುಧವಾರ. ಮಸರಕಲ್

ನಿನ್ನೆಯಿಂದ ಅಕ್ಕನ ಮನೆಯಲ್ಲಿದ್ದೇನೆ. ಶೀಶೆ ಅವಳ ತಲೆದಿಂಬಿನ ಬಳಿ ಇದೆ. ಕೇರಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಮುಚ್ಚಳ ತೆಗೆಸಿ, ಬೆರಳ ತುದಿ ಅದ್ದಿ, ಕಣ್ಣಿಗೆ ಒತ್ತಿಕೊಂಡು ಹೋದರು. ತೊಟ್ಟಿಲ ಕೂಸಿನ ಹಣೆಗೂ ಹಚ್ಚಿದರು. 

ಮಧ್ಯಾಹ್ನ ಗೌಂಡಿ ಯಲ್ಲಾಲಿಂಗ ಕಲ್ಲು ಕೆತ್ತುವ ಉಳಿ ಹಿಡಿದು ಬಂದ. ಅಡಿಗಲ್ಲಿನ ಮೇಲೆ 'ಬುದ್ಧಗಯೆಯ ಮಣ್ಣು' ಎಂಬಷ್ಟನ್ನು ಕೆತ್ತಿ ಮುಗಿಸಿದ್ದ.

"ಸರ್ರ, ಮಣ್ಣು ತಗದ ತಾರೀಖು ಹೇಳ್ರಿ. ಬರೋಬ್ಬರಿ ಹೇಳ್ರಿ, ಕಲ್ಲಿನ್ಯಾಗ ಅಳಸಾಕ ಬರಂಗಿಲ್ಲ."

  ಆತ ಉಳಿ ಎತ್ತಿಕೊಂಡು ಕಾಯುತ್ತಿದ್ದ. ಎದ್ದು ಒಳಗೆ ಹೋದೆ. ಅಕ್ಕ ಕಡಲೆ ಆರಿಸುತ್ತಿದ್ದಳು.

"ಅಕ್ಕಾ, ನಾ ಹೋಗಿಲ್ಲ."

"ಎಲ್ಲಿಗಪಾ?"

"ಗಯಾಕ್ಕ. ಎಲ್ಲಿಗೂ ಹೋಗಿಲ್ಲ. ಯಾದಗಿರಿಯಾಗ ಇಳದು ವಾಪಸ್ ಬಂದೆ. ಮಾಳಿಗಿ ಮ್ಯಾಲ ಹಸಿರು ಅರಬಿ ಕಟ್ಟಿ ಮಾಡಿದ್ದದು, ಎಲ್ಲಾ."

ಅವಳ ಕೈ ಮೊರದಲ್ಲಿ ನಿಂತಿತು.

"ನಾಯಿ?"

"ನಾಯಿ ಅಲ್ಲಿ ಇದ್ದಿದ್ದಿಲ್ಲ."

"ಕರುಣಾವತಿ?"

"ನಮ್ಮ ಹಣಮಿ ಕೈ ಅದು. ಹಸಿರ ಬಳಿ ಇದ್ವು, ಮಿಕ್ಸಿಂಗಿನ್ಯಾಗ ಹೋದ್ವು."

ಅಕ್ಕ ಒಂದು ಹಿಡಿ ಕಡಲೆ ಎತ್ತಿ ಮತ್ತೆ ಮೊರಕ್ಕೆ ಬಿಟ್ಟಳು.

"ಹಂಗಾದ್ರ ಆಕಿ ಗಂಡ ಸತ್ತಿಲ್ಲ."

"ಇಲ್ಲ. ಇಲ್ಲೇ ಕುಂತೀನಿ."

"ಚಲೋ ಆತು" ಎಂದಳು. ಆಮೇಲೆ ಮೊರ ಎತ್ತಿ ನನ್ನ ಬೆನ್ನಿಗೆ ಹೊಡೆದಳು. ಕಡಲೆ ಮನೆಯೆಲ್ಲ ಚೆಲ್ಲಿತು. "ಎಪ್ಪತ್ತು ದಾಟಿದಾಂವ! ಕೂಸಿನ ಹಣಿಗೆ ಹಚ್ಯಾರಲ್ಲೋ! ಯಾವ ಮಣ್ಣು ಇದು?"

"ಕುಲ್ಸುಮ್ ಬೀ ಮಲ್ಲಿಗಿ ಕುಂಡ್ಯಾಂದು."

ಶೀಶೆಯನ್ನು ಮೂಸಿ ನೋಡಿದಳು. ಕೂಸಿಗೆ ಏನೂ ಆಗುವುದಿಲ್ಲವೆಂದು ಖಾತ್ರಿಯಾದ ಮೇಲೆ ಗೋಡೆಗೆ ಒರಗಿ ಕುಳಿತಳು.

"ಯಾಕ ಇಳದಿ ಮತ್ತ?"

"ಡಬ್ಬಿದಾಗ ಯಾರೂ ನಮ್ಮ ಮಾತು ಆಡವಲ್ರು. ಬಾಟಲಿದಾಗ ನೀರು ಇದ್ವು. ಇವು ತೀರಿದ ಮ್ಯಾಲ ಏನಂತ ಕೇಳ್ಲಿ ಅನ್ನಿಸ್ತು. ತಪ್ಪು ಮಾತಾಡಿದ್ರ ನಗ್ತಾರ. ಸಾಲ್ಯಾಗ ನಮ್ಮ ಕೇರಿ ಮಾತು ಕೇಳಿ ಎಲ್ಲಾರೂ ನಕ್ಕಿದ್ರಲ್ಲಕ್ಕಾ, ಬೆಂಚಿನ ಮ್ಯಾಲ ನಿಂದರಿಸಿ. ಅವತ್ತಿಂದ ಬರಲಾರದ ಮಾತು ಬಾಯಾಗ ತಗೊಂಡಿಲ್ಲ ನಾನು. ಅಂಜಿಕಿ ಬಂತು."

ಅಕ್ಕ ಚೆಲ್ಲಿದ ಕಡಲೆಯನ್ನು ಆಯತೊಡಗಿದಳು. ನಾನೂ ಆಯ್ದೆ. ಕೊನೆಯ ಕಾಳು ಮೊರಕ್ಕೆ ಬಿದ್ದ ಮೇಲೆ ಅಕ್ಕ ಹೇಳಿದಳು.

"ಪುಣೆದಾಗ ಮೊದಲನೇ ದಿನ 'ಪಾನಿ' ಅನ್ನಾಕ ಬರದ ನಾ ಗುಟುಕು ನೀರಿಲ್ಲದ ಸಂಜೀತನ ಕಲ್ಲು ಹೊತ್ತೀನಿ. ಮರುದಿನ ಕೇಳ್ದೆ. ನಕ್ರು. ನಗೋವಾಗೂ ನೀರು ಹಾಕಿದ್ರು." ಮೊರ ಬದಿಗಿಟ್ಟಳು. "ನಡಿ, ನಾ ಬರ್ತೀನಿ. ಮಾತು ನಾ ಆಡ್ತೀನಿ, ಬೋರ್ಡು ನೀ ಓದು. ಹುಣ್ಣಿವಿ ತಿಂಗಳಿಗೊಂದು ಬರ್ತದ, ಕಲ್ಲು ಕಾಯ್ತದ. ಆದ್ರ ಮೊದಲ ಕೇರಿಗೆ ಬರದು ಕೊಡು. ಯಾವ ದಿನ ಎಲ್ಲಿದ್ದಿ, ಬರೋಬ್ಬರಿ. ಸವಿತಾ ಓದ್ತಾಳ, ನಾ ಮುಂದ ಕುಂತು ಕೇಳ್ತೀನಿ."

ಹೊರಗೆ ಯಲ್ಲಾಲಿಂಗ ಕೂಗಿದ: "ತಾರೀಖು ಸಿಕ್ತೇನ್ರಿ ಸರ್ರ?"

"ಇನ್ನೂ ಆಗಿಲ್ಲೋ" ಎಂದು ಅಕ್ಕನೇ ಉತ್ತರಿಸಿದಳು.

ಡಿಸೆಂಬರ್ ೫, ಶುಕ್ರವಾರ. ಮಸರಕಲ್

ಕೇರಿಯ ಮುಂದೆ ಇಂದು ಓದಿಸಿದ ತಿದ್ದುಪಡಿಯ ನಕಲು. ಈ ದಿನಚರಿಗೂ ಇದು ಅನ್ವಯಿಸತಕ್ಕದ್ದು.

ನವೆಂಬರ್ ೧೭: ಮೊಣಕಾಲು ನೋವಿನಿಂದ ಇಳಿದೆನೆಂದು ಬರೆದಿದೆ. ಮೊಣಕಾಲು ಸರಿಯಿತ್ತು.

ನವೆಂಬರ್ ೨೦: ಬುದ್ಧಗಯೆ ಎಂದು ತೋರಿಸಿದ್ದು ರಾಯಚೂರು, ನಮ್ಮ ಮಾಳಿಗೆ. ಚಹಾ ಕೊಟ್ಟವಳು ನನ್ನ ಹೆಂಡತಿ ಹಣಮಮ್ಮ. ಅವಳ ಎರಡೂ ಕೈಗಳಲ್ಲಿ ಬಳೆಗಳಿವೆ.

ನವೆಂಬರ್ ೨೪ ಮತ್ತು ೨೫: ಸಾರನಾಥ ಎಂದದ್ದು ರಾಯಚೂರು. ನಾಯಿ ಒಂದೇ, ಹೋದದ್ದೂ ಒಂದೇ ಸಲ. ರೊಟ್ಟಿ ತಿಂದದ್ದು ಕಾಗೆಗಳು.

ನವೆಂಬರ್ ೨೬ ಮತ್ತು ೨೭: ಕುಶಿನಗರ ಎಂದದ್ದು ರಾಯಚೂರು.

ಡಿಸೆಂಬರ್ ೧: ಗಯೆಯಿಂದ ಬಂದೆನೆಂದದ್ದು ಯಾದಗಿರಿಯಿಂದ. ಶೀಶೆಯ ಮಣ್ಣು ಕುಲ್ಸುಮ್ ಬೀಯ ಮಲ್ಲಿಗೆ ಕುಂಡದ್ದು. ಮಾನ್ವಿಯ ಜಂಬಣ್ಣ ತಿಂದ ಏಳು ರೊಟ್ಟಿ ಹಿಂದಿನ ದಿನದವು.

ಡಿಸೆಂಬರ್ ೪: ಅಡಿಗಲ್ಲು ಎಂದದ್ದು ಜನವರಿ ೩, ಶನಿವಾರ, ಹುಣ್ಣಿಮೆ ಎಂದಾಗಬೇಕು.

ಡಿಸೆಂಬರ್ ೧೫, ಸೋಮವಾರ: ಮಧ್ಯಾಹ್ನದ ಗಾಡಿ. ಅಕ್ಕ ಮೂಕಮ್ಮ ಮತ್ತು ನಾನು. ಯಾದಗಿರಿಯಲ್ಲಿ ಇಳಿಯುವುದಿಲ್ಲ. ಈ ದಿನ ನೀರು ಕೇಳುವವಳು ಅಕ್ಕ.

ಡಿಸೆಂಬರ್ ೧೬, ಮಂಗಳವಾರ: ಕೇಳುವವನು ನಾನು.